ಮರಳೊಳಗಿನ ಕಿವಿ

ಹೊಳೆದಂಡೆಯ ಆಶ್ರಮಕ್ಕೆ ಫಕೀರೇಶ ಪ್ರತಿ ಸೋಮವಾರ ಬೆಳಿಗ್ಗೆ ನಡೆದು ಬರುತ್ತಿದ್ದ. ಆ ಸೋಮವಾರ ಓಡಿ ಬಂದ. ಹೆಗಲ ಮೇಲೆ ಉದ್ದನೆಯದೊಂದು ರಟ್ಟಿನ ಪೆಟ್ಟಿಗೆ.

"ಬಂತ್ರಿ ಅಜ್ಜಾರ! ಬಂತು!"

ರಾಚಯ್ಯಜ್ಜ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದರು. ಕೊಡಲಿ ಕೆಳಗಿಟ್ಟರು.

"ಏನ ಬಂತು?"

"ಮೆಟಲ್ ಡಿಟೆಕ್ಟರ್! ನೆಲದಾಗ ಲೋಹ ಇದ್ರ ಕೂಗಿ ಹೇಳತೈತ್ರಿ!"

ಫಕೀರೇಶನಿಗೆ ಮೂವತ್ತೆರಡು ವರ್ಷ. ಪಕ್ಕದ ಊರಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ಅವನ ಕಸುಬು. ಯಾರೋ ದೂರದೇಶದವನು ಸಮುದ್ರದ ದಂಡೆಯಲ್ಲಿ ಇಂಥ ಯಂತ್ರ ಹಿಡಿದು ಓಡಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೇ ತಡ, ಅವನಿಗೆ ಹುಚ್ಚು ಹಿಡಿದಿತ್ತು.

ರಾಚಯ್ಯಜ್ಜ ಕಾವಿ ತೊಡುವ ಮೊದಲು ಸೈನ್ಯದಲ್ಲಿದ್ದವರು. ಶತ್ರುಗಳು ನೆಲದಲ್ಲಿ ಹುಗಿದಿಟ್ಟ ಸಿಡಿಮದ್ದನ್ನು ಇಂಥದೇ ಯಂತ್ರದಿಂದ ಹುಡುಕುವುದು ಅವರ ಕೆಲಸವಾಗಿತ್ತು. ಆ ದಿನಗಳ ಬಗ್ಗೆ ಅವರು ಮಾತಾಡುತ್ತಿದ್ದುದು ಕಡಿಮೆ.

"ನಡಸೂದು ಕಲಸ್ರಿ ಅಜ್ಜಾರ. ಇವತ್ತ. ಈಗ!"

"ಚಾಲೂ ಮಾಡು."

ಫಕೀರೇಶ ಕೋಲಿಗೆ ಕೋಲು ಸೇರಿಸಿ, ತುದಿಗೆ ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ ಕೂಡಿಸಿ, ಗುಂಡಿ ಒತ್ತಿದ. ಯಂತ್ರ ಕಿರುಚಿಕೊಂಡಿತು.

"ಇಲ್ಲೇ ಐತ್ರಿ! ನಿಮ್ಮ ಅಂಗಳದಾಗ!"

ಒಂದು ಹೆಜ್ಜೆ ಆಚೆ ಇಟ್ಟ. ಅಲ್ಲಿಯೂ ಕಿರುಚಿತು. ತುಳಸಿಕಟ್ಟೆಯ ಹತ್ತಿರ ಹೋದ, ಅಲ್ಲಿಯೂ ಅದೇ.

"ಅಂಗಳದ ತುಂಬಾ ಐತ್ರಿ ಅಜ್ಜಾರ!"

ಅಜ್ಜಾರು ಹತ್ತಿರ ಬಂದು ಅವನ ಮುಂಗೈ ತೋರಿಸಿದರು. ಸ್ಟೀಲಿನ ಕಡಗ. ಫಕೀರೇಶ ತೆಗೆದ. ಕಿಸೆ ತೋರಿಸಿದರು. ಬೀಗದ ಕೈ, ಮೊಬೈಲು, ಟೆಸ್ಟರ್ ಹೊರಗೆ ಬಂದವು. ಕಾಲು ತೋರಿಸಿದರು. ಮುಂದುಗಡೆ ಕಬ್ಬಿಣದ ತಗಡು ಕೂಡಿಸಿದ ವರ್ಕ್‌ಶಾಪಿನ ಬೂಟುಗಳನ್ನೂ ಬಿಚ್ಚಿಟ್ಟ. ಕೊನೆಗೆ ತಾನೇ ಸೊಂಟದ ಬೆಳ್ಳಿ ಉಡದಾರಕ್ಕೆ ಕೈ ಹಾಕಿದ.

"ಅದಿರಲಿ," ಅಂದರು ಅಜ್ಜಾರು.

ಬರಿಗಾಲಲ್ಲಿ ನಿಂತು ಫಕೀರೇಶ ಮತ್ತೆ ಗುಂಡಿ ಒತ್ತಿದ. ಯಂತ್ರ ಸುಮ್ಮನಿತ್ತು. ಅವನ ಮುಖ ಬಾಡಿತು.

"ಏನೂ ಇಲ್ಲಲ್ರಿ!"

"ಇಷ್ಟೊತ್ತು ನೀ ಹುಡುಕಿದ್ದು ನಿನ್ನನ್ನ."

ಅಜ್ಜಾರು ಮೂಲೆಯಲ್ಲಿದ್ದ ಕಸಬರಿಗೆ ತಂದು ಅವನ ಕೈಗೆ ಕೊಟ್ಟರು.

"ಅಂಗಳ ಉಡುಗು."

"ಅಜ್ಜಾರ, ಮಿಷನ್ನು..."

"ಉಡುಗು."

ಫಕೀರೇಶ ಅವಸರವಾಗಿ ಉಡುಗಿದ. ಅಜ್ಜಾರು ನೆಲ ತೋರಿಸಿದರು. ಕಸಬರಿಗೆ ಆಡಿದಲ್ಲೆಲ್ಲ ಸ್ವಚ್ಛವಾಗಿತ್ತು. ಒಂದು ಬೀಸಿಗೂ ಇನ್ನೊಂದು ಬೀಸಿಗೂ ನಡುವೆ ಮಾತ್ರ ಬೇವಿನೆಲೆಗಳ ಸಾಲು ಹಾಗೇ ಉಳಿದಿತ್ತು.

ಫಕೀರೇಶ ತಲೆ ಕೆರೆದುಕೊಂಡ. ಮತ್ತೆ ಉಡುಗಿದ. ಈ ಸಲ ನಿಧಾನವಾಗಿ, ಒಂದು ಬೀಸಿನ ಅರ್ಧದ ಮೇಲೆ ಇನ್ನೊಂದು ಬೀಸು ಬರುವಂತೆ. ಒಂದು ಎಲೆಯೂ ಉಳಿಯಲಿಲ್ಲ.

"ಈಗ ಮಿಷನ್ ತಗೋ," ಅಂದರು ಅಜ್ಜಾರು.

ಇಬ್ಬರೂ ಹೊಳೆಗಿಳಿದರು. ಬೇಸಿಗೆಯ ಹೊಳೆ, ನೀರು ಆಚೆ ದಂಡೆಗೆ ಸರಿದಿತ್ತು. ಈಚೆಗೆ ಬರೀ ಮರಳು.

ಹತ್ತು ಹೆಜ್ಜೆ ಹೋಗುವುದರೊಳಗೆ ಯಂತ್ರ ಕೂಗಿತು. ಫಕೀರೇಶ ಮಂಡಿಯೂರಿ ಮರಳು ತೋಡಿದ. ಸಿಕ್ಕಿದ್ದು ಸೋಡಾ ಬಾಟಲಿಯ ಮುಚ್ಚಳ.

"ಅಜ್ಜಾರ! ಮುಚ್ಚಳ! ಗೇಣುದ್ದ ಕೆಳಗಿತ್ತು, ಮ್ಯಾಲಿಂದ ಏನೂ ಕಾಣ್ತಿರಲಿಲ್ಲ. ನಾ ಹಿಡದೆ!"

ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಜ್ಜಾರು ನಕ್ಕರು.

ಆಮೇಲೆ ಟ್ರ್ಯಾಕ್ಟರಿನ ಬೋಲ್ಟು ಸಿಕ್ಕಿತು. ಎತ್ತಿನ ಕಾಲಿನ ಸವೆದ ಲಾಳ ಸಿಕ್ಕಿತು. ಮತ್ತೆ ಬೋಲ್ಟು. ಐದನೆಯ ಸಲ ತುಕ್ಕು ಹಿಡಿದ ಮೊಳೆ ಬಂದಾಗ ಫಕೀರೇಶ ಯಂತ್ರದ ಹಿಡಿಕೆಯ ಹತ್ತಿರದ ತಿರುಗಣಿಯನ್ನು ತಿರುವಿದ.

"ಏನ ತಿರುವಿದಿ?"

"ಕಬ್ಬಿಣ ಬಂದ್ರ ಸುಮ್ಮನಿರು ಅಂತ ಹೇಳಿದೆನ್ರಿ ಇದಕ್ಕ. ಇನ್ನ ಬೆಳ್ಳಿ, ಬಂಗಾರ ಬಂದ್ರ ಅಷ್ಟ ಕೂಗತೈತಿ."

ಅಜ್ಜಾರು ಆ ತಿರುಗಣಿಯನ್ನೊಮ್ಮೆ ನೋಡಿದರು.

ಅಷ್ಟರಲ್ಲಿ ದಂಡೆಯ ಮೇಲಿನ ರಸ್ತೆಯಲ್ಲಿ ಜೀಪೊಂದು ಮೈಕಿನಲ್ಲಿ ಕೂಗುತ್ತ ಹೋಯಿತು. ಮೇಲಿನ ಅಣೆಕಟ್ಟೆಯಿಂದ ಹನ್ನೆರಡು ಗಂಟೆಗೆ ಹೊಳೆಗೆ ನೀರು ಬಿಡುತ್ತಾರೆ. ಮೂರು ಸಲ ಸೈರನ್ ಆಗುತ್ತದೆ. ಮೂರನೆಯ ಸೈರನ್ ಹೊತ್ತಿಗೆ ಹೊಳೆಯಲ್ಲಿ ಯಾರೂ ಇರಬಾರದು.

ಮೊದಲ ಸೈರನ್ ಕೂಗಿದಾಗ ಹನ್ನೊಂದಾಗಿತ್ತು. ಅದರ ಹಿಂದೆಯೇ ಹೆಂಗಸೊಬ್ಬಳ ಚೀರಾಟ ಕೇಳಿತು.

ಅವಳ ಹೆಸರು ನೀಲಗಂಗಾ. ಮನೆಮಂದಿಯ ಜೊತೆ ಹೊಳೆಯ ಸ್ನಾನಕ್ಕೆ ಬಂದಿದ್ದಳು. ಆರು ವರ್ಷದ ಮಗಳು ಪಾವನಿಯನ್ನು ಅವುಚಿಕೊಂಡು, ಅವಳ ಬಲಗಿವಿಯ ಹಿಂದೆ ಕೈಯಾಡಿಸಿ ಆಡಿಸಿ ನೋಡುತ್ತಿದ್ದಳು.

"ಕಿವಿ ಬಿದ್ದೈತ್ರಿ ಅಜ್ಜಾರ! ನನ್ನ ಮಗಳ ಕಿವಿ!"

ಕೂಸು ಹುಟ್ಟಾ ಕಿವುಡಿ. ಎರಡು ವರ್ಷದ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ತಲೆಯೊಳಗೆ ಒಂದು ಯಂತ್ರ ಕೂಡಿಸಿದ್ದರು. ಅದಕ್ಕೆ ಹೊರಗಿನಿಂದ ಅಯಸ್ಕಾಂತದ ಮೇಲೆ ಅಂಟಿ ನಿಲ್ಲುವ ಇನ್ನೊಂದು ಭಾಗ ಇತ್ತು. ಮರಳಲ್ಲಿ ಆಡುವಾಗ ಅದು ಎಲ್ಲೋ ಕಳಚಿ ಬಿದ್ದಿತ್ತು. ಅದಿಲ್ಲದಿದ್ದರೆ ಪಾವನಿಗೆ ಏನೂ ಕೇಳುವುದಿಲ್ಲ. ಈಗಷ್ಟೇ ಕೂಗಿದ ಸೈರನ್ನೂ ಕೇಳಿರಲಿಲ್ಲ.

"ಮಾತು ಈಗರ ಬರಾಕ ಹತ್ತಿದ್ವು," ಅಂದಳು ನೀಲಗಂಗಾ. "ಮೊನ್ನೆ ಮೊನ್ನೆ ಅವ್ವಾ ಅಂದಾಳ್ರಿ."

ಫಕೀರೇಶ ಪೂರ್ತಿ ಕೇಳಲೂ ಇಲ್ಲ. "ನನ್ನ ಹತ್ರ ಮಿಷನ್ ಐತೆವ್ವಾ, ಹೆದರಬ್ಯಾಡ!" ಎನ್ನುತ್ತ ಮರಳಿಗೆ ಓಡಿದ.

ಅಲ್ಲಿ ಆಗಲೇ ಹತ್ತು ಹನ್ನೆರಡು ಜನ ಕಾಲಲ್ಲಿ ಕೈಯಲ್ಲಿ ಮರಳು ಕೆದರುತ್ತಿದ್ದರು. ಫಕೀರೇಶ ಯಂತ್ರವನ್ನು ಆ ಕಡೆ ಬೀಸಿದ, ಈ ಕಡೆ ಬೀಸಿದ. ಮಕ್ಕಳು ಆಡಿದ ಜಾಗವನ್ನೆಲ್ಲ ಸುತ್ತಿದ. ಯಂತ್ರ ಒಂದೇ ಒಂದು ಸಲ ಕೂಗಿತು. ತೋಡಿದರೆ ಹಿತ್ತಾಳೆಯ ಗೆಜ್ಜೆ.

"ನಿಲ್ಲ್ರಿ!"

ರಾಚಯ್ಯಜ್ಜರ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಇದ್ದಲ್ಲೇ ಕಲ್ಲಾದರು.

"ಎಲ್ಲಾರೂ ತಮ್ಮ ತಮ್ಮ ಹೆಜ್ಜಿ ಗುರ್ತಿನ ಮ್ಯಾಲೇ ಕಾಲಿಟ್ಟು ಹಿಂದಕ್ಕ ಬರ್ರಿ. ಹೊಸಾ ಹೆಜ್ಜಿ ಬ್ಯಾಡ."

ಜನ ಒಬ್ಬೊಬ್ಬರಾಗಿ ಹಿಂದೆ ಬಂದು ದಂಡೆಯ ಮೆಟ್ಟಿಲ ಮೇಲೆ ನಿಂತರು. ಫಕೀರೇಶನೂ ಬಂದ. ಬೆವರು ಇಳಿಯುತ್ತಿತ್ತು.

"ಹೊತ್ತಿಲ್ರಿ ಅಜ್ಜಾರ! ನೀರು ಬರ್ತೈತಿ!"

"ನೀ ಹುಡುಕೂ ವಸ್ತು ಹ್ಯಾಂಗ ಕೂಗತೈತಿ?"

"ಅದನ್ನ ಹ್ಯಾಂಗ ಹೇಳಲ್ರಿ? ಇನ್ನೂ ಸಿಕ್ಕೇ ಇಲ್ಲ!"

ಅಜ್ಜಾರು ನೀಲಗಂಗಾಳ ಕಡೆ ತಿರುಗಿದರು. "ಅದರ ಹಳೇ ತುಂಡು ಏನರ ಐತೇನವ್ವಾ ನಿನ್ನ ಹತ್ರ?"

ನೀಲಗಂಗಾ ಚೀಲದಿಂದ ಸಣ್ಣ ಡಬ್ಬಿ ತೆಗೆದಳು. ಬ್ಯಾಟರಿಗಳ ನಡುವೆ, ಹೋದ ವರ್ಷ ವಯರು ಕಿತ್ತುಹೋಗಿದ್ದ ತಲೆಗೆ ಅಂಟುವ ಹಳೆಯ ಬಿಲ್ಲೆ ಇತ್ತು. ಅಂಗಿಯ ದೊಡ್ಡ ಗುಂಡಿಯಷ್ಟಿತ್ತು.

ಅಜ್ಜಾರು ಅದನ್ನು ಮೆಟ್ಟಿಲ ಬುಡದ ಮರಳಿನಲ್ಲಿ ಹೂತರು.

"ಬೀಸು."

ಫಕೀರೇಶ ಬೀಸಿದ. ಯಂತ್ರ ಸುಮ್ಮನಿತ್ತು. ಮತ್ತೆ ಬೀಸಿದ. ಮತ್ತೂ ಸುಮ್ಮನೆ.

ಬಿಲ್ಲೆಯೊಳಗಿನ ಅಯಸ್ಕಾಂತ ಯಂತ್ರದ ಪಾಲಿಗೆ ಕಬ್ಬಿಣವೇ. ಕಬ್ಬಿಣ ಬಂದರೆ ಸುಮ್ಮನಿರು ಎಂದು ಅದಕ್ಕೆ ಹೇಳಿದವನು ಅವನೇ. ಇಷ್ಟು ಹೊತ್ತು ಆ ಕಿವಿಯ ಮೇಲೆಯೇ ಯಂತ್ರವನ್ನು ಎಷ್ಟು ಸಲ ಬೀಸಿದ್ದನೋ!

ತಿರುಗಣಿಯನ್ನು ಮೊದಲಿದ್ದಲ್ಲಿಗೆ ತಿರುವಿ ಬೀಸಿದ.

"ಕುಂಯ್."

ಸಣ್ಣ ದನಿ. ಬಾಗಿಲ ಸಂದಿಗೆ ಸಿಕ್ಕ ನಾಯಿಮರಿ ಒಂದೇ ಸಲ ಕುಂಯ್‌ಗುಟ್ಟಿದ ಹಾಗೆ. ಬೋಲ್ಟಿನ ದನಿ ಅದಲ್ಲ, ಮುಚ್ಚಳದ್ದೂ ಅಲ್ಲ.

"ಹತ್ತು ಸಲ ಕೇಳು," ಅಂದರು ಅಜ್ಜಾರು.

"ಹೊತ್ತು..."

"ಹತ್ತು ಸಲ."

ಅವನು ಹತ್ತು ಸಲ ಕೇಳಿದ.

ಅಜ್ಜಾರು ಆಶ್ರಮದಿಂದ ಹಗ್ಗ ತರಿಸಿ ಮರಳಿನ ಮೇಲೆ ಉದ್ದಕ್ಕೆ ಎಳೆದರು. ಫಕೀರೇಶ ಅದರ ಗುಂಟ ಹೋದ. ಯಂತ್ರದ ಬಿಲ್ಲೆಯನ್ನು ನೆಲಕ್ಕೆ ತಾಗೀತೋ ಏನೋ ಎಂಬಷ್ಟು ಕೆಳಗೆ ಹಿಡಿದು, ಅಂಗಳ ಉಡುಗಿದ ಹಾಗೆ ಬೀಸಿದ. ಸಾಲು ಮುಗಿಯಿತು. ಅಜ್ಜಾರು ಹಗ್ಗ ಸರಿಸಿದರು. ಇನ್ನೊಂದು ಸಾಲು. ಬೋಲ್ಟು ಕೂಗಿತು, ಬಿಟ್ಟ. ಮೊಳೆ ಕೂಗಿತು, ಬಿಟ್ಟ. ಅವುಗಳ ದನಿ ಈಗ ಅವನಿಗೆ ಗುರುತು ಸಿಗುತ್ತಿತ್ತು.

ನಾಲ್ಕನೆಯ ಸಾಲು. ಐದನೆಯದು.

ಎರಡನೆಯ ಸೈರನ್ ಕೂಗಿತು. ಮೆಟ್ಟಿಲ ಮೇಲಿನವರು ಗದ್ದಲ ಎಬ್ಬಿಸಿದರು. "ಆ ಬಂಡಿಗಲ್ಲಿನ ಹತ್ರ ನೋಡಪಾ, ಅಲ್ಲೇ ಆಡ್ತಿದ್ರು!" "ಮ್ಯಾಲ ಬರ್ರಿ, ಸಾಕು!"

ಫಕೀರೇಶ ಬಂಡೆಯ ಕಡೆ ನೋಡಿದ. ಕಾಲು ಅತ್ತ ಎಳೆಯಿತು.

ಅಜ್ಜಾರು ಹಗ್ಗದ ತುದಿಯಲ್ಲಿ ನಿಂತಿದ್ದರು. ಅವನನ್ನು ಕರೆಯಲೂ ಇಲ್ಲ, ಬೈಯಲೂ ಇಲ್ಲ. ಹಗ್ಗವನ್ನು ಒಮ್ಮೆ ಬಿಗಿಯಾಗಿ ಎಳೆದು ಹಿಡಿದರು.

ಫಕೀರೇಶ ಸಾಲಿಗೆ ಮರಳಿದ. ಏಳನೆಯ ಸಾಲಿನ ನಡುವೆ ಬಂದಾಗ ಕೇಳಿತು.

"ಕುಂಯ್."

ಅವನು ಅಲ್ಲೇ ನಿಂತ. ಮತ್ತೆ ಬೀಸಿದ.

"ಕುಂಯ್."

"ಅಜ್ಜಾರ..."

ಜನರೆಲ್ಲ ಮೆಟ್ಟಿಲಿಳಿದು ಮುಂದೆ ನುಗ್ಗಿದರು. ಯಂತ್ರದ ಆ ಸದ್ದಿಗೆ ಅಜ್ಜಾರ ಕೈ, ಸೈನ್ಯದ ದಿನಗಳ ರೂಢಿಯಂತೆ, ತಾನಾಗಿ ಮೇಲೆದ್ದಿತ್ತು, ಯಾರೂ ಹತ್ತಿರ ಬರಬೇಡಿ ಎಂಬಂತೆ. ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಕೈಯನ್ನು ನಿಧಾನವಾಗಿ ಇಳಿಸಿದರು.

ಫಕೀರೇಶ ಅವಸರದಿಂದ ತೋಡಲಿಲ್ಲ. ಬೆರಳಿನಿಂದ ಮರಳು ಸರಿಸಿದ. ನಾಲ್ಕು ಬೆರಳಿನಷ್ಟು ಕೆಳಗೆ ಬಿಳಿಯದೊಂದು ಕಾಣಿಸಿತು. ಗೋಡಂಬಿಯ ಹಾಗೆ ಬಾಗಿದ ತುಂಡು, ಅದರಿಂದ ಹೊರಟ ಸಣ್ಣ ವಯರು, ವಯರಿನ ತುದಿಗೆ ಬಿಲ್ಲೆ. ಒಣಮರಳಿನಲ್ಲಿ ಒಂದು ಗೀರೂ ಬೀಳದೆ ಮಲಗಿತ್ತು.

"ಸಿಕ್ತು! ಸಿಕ್ತ್ರೀ! ಕಿವಿ ಸಿಕ್ತು!"

ಎಲ್ಲರೂ ಮೆಟ್ಟಿಲೇರಿದರು. ನೀಲಗಂಗಾ ಅದನ್ನು ಸೆರಗಿನಲ್ಲಿ ಒರೆಸಿ, ಊದಿ, ಹೊಸ ಬ್ಯಾಟರಿ ಹಾಕಿದಳು. ಸಣ್ಣ ದೀಪ ಮಿನುಗಿತು. ಮೆಟ್ಟಿಲ ಮೇಲೆ ಕೂತಿದ್ದ ಮಗಳ ಕಿವಿಯ ಹಿಂದೆ ಇಟ್ಟಳು. ಬಿಲ್ಲೆ ತಾನೇ ಹೋಗಿ ತಲೆಗೆ ಅಂಟಿತು.

ಪಾವನಿ ಎಲ್ಲರ ಮುಖ ನೋಡುತ್ತ ಸುಮ್ಮನೆ ಕೂತಿದ್ದಳು.

ಆಗ ಮೂರನೆಯ ಸೈರನ್ ಕೂಗಿತು.

ಪಾವನಿ ಥಟ್ಟನೆ ಆ ಕಡೆ ತಿರುಗಿದಳು. ಎರಡೂ ಕಣ್ಣು ಅಗಲವಾದವು. ಅಣೆಕಟ್ಟೆಯ ದಿಕ್ಕಿಗೆ ಬೆರಳು ಮಾಡಿ, "ಅವ್ವಾ, ಊಊಊ!" ಅಂದಳು.

ಜನ ಕೇಕೆ ಹಾಕಿದರು. ಯಾರೋ ಫಕೀರೇಶನನ್ನು ಎತ್ತಿಕೊಂಡರು. ನೀಲಗಂಗಾ ಮಗಳ ತಲೆಗೆ ಮುಖ ಒತ್ತಿ ಅಳುತ್ತಿದ್ದಳು. ಪಾವನಿ ಮಾತ್ರ ಸೈರನ್ ನಿಲ್ಲುವ ತನಕ ಅದರ ಜೊತೆ ತಾನೂ ಕೂಗಿದಳು.

ನೀರು ಸದ್ದಿಲ್ಲದೆ ಬಂತು. ಮೊದಲು ಬಂಡೆಯ ಬುಡ ಮುಳುಗಿತು. ಆಮೇಲೆ ಫಕೀರೇಶ ಹೆಜ್ಜೆಯಿಟ್ಟ ಏಳು ಸಾಲೂ ಮುಳುಗಿದವು.

ಜನ ಚದುರಿದ ಮೇಲೆ ಗುರು ಶಿಷ್ಯರಿಬ್ಬರೇ ಮೆಟ್ಟಿಲ ಮೇಲೆ ಉಳಿದರು. ಫಕೀರೇಶನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಮೊದಲನೇ ದಿನಾನ ಅಜ್ಜಾರ! ಮೊದಲನೇ ದಿನಾನ ಎಲ್ಲಾ ಕಲ್ತ್‌ಬಿಟ್ಟೆ! ಬೋಲ್ಟ್ ಹ್ಯಾಂಗ ಕೂಗತೈತಿ, ಮೊಳಿ ಹ್ಯಾಂಗ ಕೂಗತೈತಿ, ಈ ಮರಳಿನಾಗ ಎಲ್ಲೆಲ್ಲಿ ಏನೇನೈತಿ, ಎಲ್ಲಾ ನನಗ ಗೊತ್ತಾತು. ನೀರು ಇಳದ ಕೂಡ್ಲೇ ನೋಡ್ರಿ ನೀವು, ಕಣ್ಣು ಮುಚ್ಚಿಕೊಂಡು ಹುಡುಕ್ತೀನಿ!"

ರಾಚಯ್ಯಜ್ಜ ತುಂಬಿ ಹರಿಯುವ ಹೊಳೆಯನ್ನು ನೋಡುತ್ತಿದ್ದರು.

"ನೀರು ಇಳದ ಮ್ಯಾಲ ಅಲ್ಲಿ ಇರೂದು ಹೊಸಾ ಮರಳು," ಅಂದರು. "ನೀನೂ ಹೊಸಬನಾಗೇ ಬಾ, ತಮ್ಮಾ."