ಗೋಡೆಯೊಳಗಿನ ಒಲೆ

ಬನ್ನಿ ಮಕ್ಕಳೇ, ಒತ್ತಿಕೊಂಡು ಕೂತುಕೊಳ್ಳಿ. ಯಾರ ಮೊಣಕೈ ಯಾರಿಗೆ ತಾಗಿತು ಎಂದು ಈಗಲೇ ಶುರು ಮಾಡಬೇಡಿ. ನಾನು ಹೇಳಹೊರಟಿರುವುದೇ ಜಗಳದ ಕತೆ. ನಡುವೆ ನಿಮ್ಮದೂ ಸೇರಿದರೆ ಯಾವುದು ಕತೆ, ಯಾವುದು ಜಗಳ ಎಂದು ನನಗೇ ತಿಳಿಯುವುದಿಲ್ಲ.

ಮರಳುಗಾಡಿನ ಆಚೆಯ ಒಂದು ರಾಜ್ಯದಲ್ಲಿ ನಖ್ಲಾ ಎಂಬ ಊರಿತ್ತು. ಅದು ನಮ್ಮೂರೇ. ಊರಲ್ಲಿ ಎರಡೇ ಕೇರಿ. ಖರ್ಜೂರದ ತೋಟದ ಕಡೆಗಿದ್ದದ್ದು ತೋಟದ ಕೇರಿ, ಅಲ್ಲಿ ಸುನ್ನಿಗಳು. ಹೊಳೆಯ ಕಡೆಗಿದ್ದದ್ದು ಹೊಳೆ ಕೇರಿ, ಅಲ್ಲಿ ಶಿಯಾಗಳು. ಇಬ್ಬರಿಗೂ ದೇವರು ಒಬ್ಬನೇ, ಗ್ರಂಥ ಒಂದೇ, ಉಪವಾಸದ ತಿಂಗಳೂ ಒಂದೇ. ಇಷ್ಟೆಲ್ಲ ಒಂದೇ ಇದ್ದಮೇಲೆ ಜಗಳಕ್ಕೆ ಏನು ಉಳಿಯಿತು ಅಂತೀರಾ? ನಮ್ಮನ್ನು ಅಷ್ಟು ಹಗುರವಾಗಿ ತಿಳಿಯಬೇಡಿ. ನಾವು ಹುಡುಕಿ ತೆಗೆಯುವ ಜನ.

ರಂಜಾನಿನಲ್ಲಿ ಹೊತ್ತು ಮುಳುಗಿದ ಕೂಡಲೇ ತೋಟದ ಕೇರಿಯ ಮಸೀದಿಯಲ್ಲಿ ಬಾಂಗ್ ಕೂಗುತ್ತಿದ್ದರು. ಆ ಕೇರಿಯವರು ಉಪವಾಸ ಬಿಡುತ್ತಿದ್ದರು. ಹೊಳೆ ಕೇರಿಯವರು, ಹೊತ್ತು ಮುಳುಗಿದ ಮೇಲೆ ಮೂಡಲ ಬಾನಿಗೂ ಹತ್ತುವ ಕೆಂಪು ಪೂರ್ತಿ ಆರಲಿ ಎಂದು ಇನ್ನಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಅವರ ಬಾಂಗ್, ಅವರ ಊಟ.

ಊರಿಗಿದ್ದದ್ದು ಒಂದೇ ರೊಟ್ಟಿ ಒಲೆ. ಎರಡು ಕೇರಿಗಳ ನಟ್ಟನಡುವೆ, ಮಣ್ಣಿನದು, ಎರಡು ಬಾಯಿಯದು. ತೋಟದ ಕೇರಿಯ ಬಾಯಿಯಲ್ಲಿ ಹಫ್ಸಾ ಕೂರುತ್ತಿದ್ದಳು. ಹೊಳೆ ಕೇರಿಯ ಬಾಯಿಯಲ್ಲಿ ಮಾಸೂಮಾ ಕೂರುತ್ತಿದ್ದಳು. ಮೊದಲ ಸುತ್ತಿನ ರೊಟ್ಟಿ ತೋಟದ ಕೇರಿಗೆ, ಎರಡನೇ ಸುತ್ತಿನದು ಹೊಳೆ ಕೇರಿಗೆ. ಎಲ್ಲರೂ ಒಂದೇ ಗಳಿಗೆಗೆ ಕೈಚಾಚಿದ್ದರೆ ಆ ಒಲೆ ಸಾಲುತ್ತಲೇ ಇರಲಿಲ್ಲ. ನಮ್ಮ ಭೇದದಿಂದಲೇ ನಮಗೆಲ್ಲ ಬಿಸಿ ರೊಟ್ಟಿ ಸಿಗುತ್ತಿತ್ತು. ಬಿಸಿ ರೊಟ್ಟಿ ಬಾಯಲ್ಲಿರುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ ಹೇಳಿ.

ಹಫ್ಸಾಳ ಮಗಳು ನಜ್ಮಾಳನ್ನು ಮಾಸೂಮಾಳ ಮಗನಿಗೇ ಕೊಟ್ಟಿತ್ತು. ಒಲೆಯ ಗೆಳತಿಯರು ಹೀಗೆ ಬೀಗಿತ್ತಿಯರೂ ಆಗಿದ್ದರು.

ಹೀಗಿರುವಾಗ ಕಡಲಾಚೆಯಿಂದ ಒಂದು ಸೈನ್ಯ ಬಂತು. ನಮ್ಮ ರಾಜ ಅರಮನೆಯ ಹಿಂದಿನ ಬಾಗಿಲಿಂದ ಹೋದ. ನಮ್ಮೂರಿಗೆ ಒಬ್ಬ ದಳಪತಿ ಬಂದು ಕೂತ. ಊರಲ್ಲಿ ಜಗಳ ಇರುವವರೆಗೆ ಕಾವಲಿರು, ಜಗಳ ನಿಂತ ದಿನ ಹೊರಟು ಬಾ ಎಂದು ಅವನ ದೊರೆ ಹೇಳಿ ಕಳಿಸಿದ್ದ. ಆದರೆ ದಳಪತಿಗೆ ನಮ್ಮ ಖರ್ಜೂರದ ರುಚಿ ಹತ್ತಿತ್ತು. ಹೊರಡುವ ಮನಸ್ಸು ಅವನಿಗಿರಲಿಲ್ಲ.

ಅವನು ತೋಟದ ಕೇರಿಗೆ ಹೋದ. ನಿಮ್ಮನ್ನು ಹೊಟ್ಟೆಬಾಕರು ಅಂತ ಹೊಳೆ ಕೇರಿಯವರು ನಗುತ್ತಾರಲ್ಲ ಎಂದ. ಹೊಳೆ ಕೇರಿಗೆ ಹೋದ. ಹೊತ್ತು ಮುಳುಗಿದ್ದೂ ನಿಮಗೆ ಕಾಣುವುದಿಲ್ಲ ಅಂತ ತೋಟದ ಕೇರಿಯವರು ಆಡಿಕೊಳ್ಳುತ್ತಾರಲ್ಲ ಎಂದ. ಅವರು ಹಾಗೆ ಅಂದರೋ ಇಲ್ಲವೋ ಎಂದು ಹೋಗಿ ಕೇಳಲು ದಾರಿ ಎಷ್ಟು ದೂರ? ಒಂದು ಒಲೆಯಷ್ಟು ದೂರ. ನಾವು ಕೇಳಲಿಲ್ಲ. ಎರಡೂ ಕಡೆ ಅವನಿಗೆ ಚಹಾ ಕೊಟ್ಟೆವು, ಇನ್ನೂ ಏನಂದರು ಹೇಳಿ ಎಂದೆವು.

ಆಮೇಲೆ ಶುರುವಾಯಿತು ಅವನ ಉಪಕಾರ. ಮೊದಲು ನಮಗೆ ಕಾವಲಿನವರನ್ನು ಕೊಟ್ಟ, ಹೊಳೆಯ ಸೇತುವೆ ತೆಗೆದುಕೊಂಡ. ಆಮೇಲೆ ಎರಡು ಕೇರಿಗಳ ನಡುವೆ ಗೋಡೆಯನ್ನೂ ಅದರ ತುದಿಗೊಂದು ಕಾವಲು ಬುರುಜನ್ನೂ ಕಟ್ಟಿಸಿಕೊಟ್ಟ, ಅರ್ಧ ಖರ್ಜೂರದ ತೋಟ ತೆಗೆದುಕೊಂಡ. ಕೊನೆಗೆ ಗೋಡೆಯ ಬಾಗಿಲಿಗೆ ದೊಡ್ಡದೊಂದು ಬೀಗ ಕೊಟ್ಟ, ಬೀಗದ ಕೈ ತೆಗೆದುಕೊಂಡ. ಪ್ರತಿಸಲವೂ ನಾವು ಆಚೆಯ ಕೇರಿಯವರಿಗೆ ಎಷ್ಟು ನಷ್ಟವಾಯಿತು ಎಂದು ವಿಚಾರಿಸಿದೆವು. ಅವರದು ನಮಗಿಂತ ಒಂದು ಮರ ಹೆಚ್ಚು ಹೋಗಿದೆ ಎಂದು ತಿಳಿದಾಗ ಮನಸ್ಸಿಗೆ ಎಷ್ಟು ತಂಪಾಗುತ್ತಿತ್ತು!

ಗೋಡೆ ಕಟ್ಟುವಾಗ ಒಲೆ ಅಡ್ಡ ಬಂತು. ಒಡೆಯಿರಿ ಎಂದ ದಳಪತಿ. ಬೀಗಿತ್ತಿಯರಿಬ್ಬರೂ ಒಲೆಯ ಎರಡು ಬಾಯಿಗೆ ಬೆನ್ನು ಕೊಟ್ಟು ಕೂತರು. ಇದನ್ನು ಒಡೆದರೆ ಇಷ್ಟಗಲಕ್ಕೂ ಇಟ್ಟಿಗೆ ಬೇಕು, ಒಲೆಯೇ ಗೋಡೆಯಾಗಲಿ ಬಿಡಿ, ನಿಮಗೂ ಬಿಸಿ ರೊಟ್ಟಿ ಬರುತ್ತದೆ ಎಂದರು. ದಳಪತಿ ಜುಗ್ಗ, ಒಪ್ಪಿಕೊಂಡ. ಹಾಗೆ ಗೋಡೆಯಲ್ಲಿ ಒಂದೇ ಒಂದು ತೂತು ಉಳಿಯಿತು, ಅದರೊಳಗೆ ಬೆಂಕಿ.

ರಂಜಾನ್ ಬಂತು. ನಜ್ಮಾಳಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ. ಅವಳು ಹೊಳೆ ಕೇರಿಯಲ್ಲಿ, ಹೆತ್ತವಳು ಹಫ್ಸಾ ತೋಟದ ಕೇರಿಯಲ್ಲಿ, ನಡುವೆ ಬೀಗ. ಹಫ್ಸಾ ಬೀಗದ ಕೈ ಕೇಳಲು ದಳಪತಿಯ ಬಳಿ ಹೋದಳು. ಕಲ್ಲು ಬೀಳದ ಸಂಜೆ ಬಾ, ತೆಗೆಯುತ್ತೇನೆ ಎಂದ. ಯಾಕೆಂದರೆ ಉಪವಾಸ ಶುರುವಾದಂದಿನಿಂದ ದಿನಾ ಸಂಜೆ ಗೋಡೆಯಾಚೆಯಿಂದ ಕಲ್ಲು ಬೀಳುತ್ತಿತ್ತು, ಎರಡೂ ಕೇರಿಗೆ. ಅವಳು ಮರುದಿನ ಹೋದಳು, ಅದೇ ಮಾತು. ಅದರ ಮರುದಿನವೂ ಹೋದಳು, ಅದೇ ಮಾತು. ಈ ಹಬ್ಬಕ್ಕೆ ಮೊದಲು ಆಚೆಯವರ ಮನೆಗಳಿಗೆ ಬೆಂಕಿ ಇಡದಿದ್ದರೆ ನಾವು ಗಂಡಸರೇ ಅಲ್ಲ ಎಂದು ಎರಡೂ ಕೇರಿಯಲ್ಲಿ ಮಾತಾಗುತ್ತಿತ್ತು. ಈ ವಿಷಯದಲ್ಲಿ ನಮ್ಮಲ್ಲಿ ಒಳ್ಳೆಯ ಒಮ್ಮತವಿತ್ತು.

ಒಂದು ಬೆಳಗ್ಗೆ ಹಫ್ಸಾ ಒಲೆ ಹಚ್ಚಲು ಬಗ್ಗಿದಾಗ ಆಚೆ ಬಾಯಿಂದ ಮಾಸೂಮಾ ಮಾತಾಡಿದಳು. ಗೋಡೆ ಎದ್ದ ಮೇಲೆ ಅವರಿಬ್ಬರ ನಡುವೆ ಹಿಟ್ಟು, ಉಪ್ಪು ಬಿಟ್ಟು ಬೇರೆ ಮಾತಿರಲಿಲ್ಲ.

"ನಿನ್ನ ಕೇರಿಯವರ ಕಲ್ಲು ನಿನ್ನೆ ನಿನ್ನ ಮಗಳಿಗೇ ಬಿತ್ತು, ಬೀಗಿತ್ತಿ. ಭುಜ ಊದಿದೆ. ಹೊಟ್ಟೆಗೆ ಬಿದ್ದಿದ್ದರೆ ಏನು ಗತಿ?"

ಹಫ್ಸಾ ಒಲೆಯ ಬಾಯಿಗೆ ಇನ್ನಷ್ಟು ಬಗ್ಗಿದಳು. ಮಗಳು ಹೇಗಿದ್ದಾಳೆ, ಮಗು ಆಡುತ್ತಿದೆಯೇ ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಯಾವ ಹೊತ್ತಿಗೆ ಬಿತ್ತು ಎಂದಳು.

"ನಿಮ್ಮ ಬಾಂಗ್ ಕೂಗಿದ ಹೊತ್ತಿಗೆ. ದಿನಾ ಮೊದಲ ಕಲ್ಲು ಬೀಳೋದೇ ಆಗ."

ಹಫ್ಸಾ ಕಡ್ಡಿ ಗೀರಲಿಲ್ಲ. ಒಲೆಯೊಳಗೆ ತಲೆ ತೂರಿಸಿ ನಿಧಾನವಾಗಿ ಹೇಳಿದಳು. "ಮಾಸೂಮಾ, ಆ ಹೊತ್ತಿಗೆ ನಮ್ಮ ಕೇರಿಯೆಲ್ಲ ನನ್ನ ಮುಂದೆ ಇರುತ್ತೆ. ಬೆಳಗಿಂದ ಒಂದು ಹನಿ ನೀರು ಕುಡಿಯದವರು. ಒಂದು ಕೈಯಲ್ಲಿ ಖರ್ಜೂರ, ಇನ್ನೊಂದು ಕೈ ನನ್ನ ರೊಟ್ಟಿಗೆ. ಕಲ್ಲು ಯಾವ ಕೈಲಿ ಎತ್ತುತ್ತಾರೆ?"

ಹಾಗಾದರೆ ನಿಮ್ಮ ಮೇಲೆ ಮೊದಲ ಕಲ್ಲು ಯಾವಾಗ ಬೀಳುತ್ತದೆ ಎಂದು ಮಾಸೂಮಾ ಕೇಳಿದಳು. ನಿಮ್ಮ ಬಾಂಗ್ ಆದಾಗ ಎಂದಳು ಹಫ್ಸಾ. ಆಗ ನಮ್ಮ ಕೇರಿಯೆಲ್ಲ ನನ್ನ ಮುಂದೆ ಇರುತ್ತದಲ್ಲ ಎಂದಳು ಮಾಸೂಮಾ. ಇಬ್ಬರೂ ಒಲೆಯಿಂದ ತಲೆ ಹೊರಗೆ ತೆಗೆದು ಗೋಡೆಯ ತುದಿಯ ಬುರುಜಿನ ಕಡೆ ನೋಡಿದರು. ಅಲ್ಲಿ ಸೈನಿಕರಿದ್ದರು.

ದಳಪತಿ ಜಾಣನೇ. ಬಾಂಗ್ ಕೂಗಿದಾಗ ಯಾರೂ ಬುರುಜಿನ ಕಡೆ ನೋಡುವುದಿಲ್ಲ ಎಂದು ಆ ಹೊತ್ತನ್ನೇ ಆರಿಸಿದ್ದ. ಆದರೆ ಅವನು ಒಂದು ದಿನವೂ ಉಪವಾಸ ಇದ್ದವನಲ್ಲ. ಆ ಗಳಿಗೆಯಲ್ಲಿ ಹಸಿದವರ ಕೈ ಎಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಹಾಗಾದರೆ ಯಾರು ಹೆಚ್ಚು ದಡ್ಡರು? ಬೇಡ, ಅದನ್ನು ಜೋರಾಗಿ ಹೇಳಬೇಡಿ.

ಅದೇ ವಾರ ಕಡಲಾಚೆಯ ದೊರೆ ಒಬ್ಬ ರಾಯಭಾರಿಯನ್ನು ಕಳಿಸಿದ. ಸೈನ್ಯ ಇನ್ನೂ ಯಾಕಿದೆ ಎಂದು ನೋಡಿ ಬರಲು. ದಳಪತಿಗೆ ಖುಷಿ, ಜಗಳವನ್ನು ಕಣ್ಣಾರೆ ತೋರಿಸಬಹುದಲ್ಲ ಎಂದು. ಸಂಜೆ ಗೋಡೆಯ ಮೇಲೆ, ಸರಿಯಾಗಿ ಒಲೆಯ ಮೇಲೇ, ಎರಡು ಕುರ್ಚಿ ಹಾಕಿಸಿದ. ಎರಡೂ ಕೇರಿ ಕಾಣುವ ಜಾಗ ಅದು.

ಬೀಗಿತ್ತಿಯರು ತಮ್ಮ ತಮ್ಮ ಕೇರಿಯವರಿಗೆ ವಿಷಯ ತಿಳಿಸಿದರು. ನಾವು ನಂಬಿದೆವೇ? ಆಚೆಯವರು ಮೊದಲು ತಪ್ಪೊಪ್ಪಿಕೊಳ್ಳಲಿ ಎಂದೆವು. ಆಚೆಯವರೂ ಅದನ್ನೇ ಅಂದರು. ಕೊನೆಗೆ ಬೀಗಿತ್ತಿಯರಿಬ್ಬರೂ, ನಾವು ಹೇಳಿದ ಹಾಗೆ ಕೇಳದಿದ್ದರೆ ಇಂದು ರೊಟ್ಟಿಯಿಲ್ಲ ಎಂದರು. ಬುದ್ಧಿಮಾತಿಗೆ ಬಗ್ಗದವರು ರೊಟ್ಟಿಗೆ ಬಗ್ಗಿದೆವು.

ಹೊತ್ತು ಮುಳುಗಿತು. ತೋಟದ ಕೇರಿಯ ಬಾಂಗ್ ಕೇಳಿತು. ಆ ಕೇರಿಯವರೆಲ್ಲ ಬೀದಿಯ ನಡುವೆ ಸಾಲಾಗಿ ಕೂತು ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ರಾಯಭಾರಿಗೆ ಕಾಣುವಂತೆ ಎತ್ತಿದರು. ಹೊಳೆ ಕೇರಿಯ ಮೇಲೆ ಕಲ್ಲು ಬಿತ್ತು. ರಾಯಭಾರಿ ಆ ಕೈಗಳನ್ನು ನೋಡಿದ, ಕಲ್ಲನ್ನು ನೋಡಿದ, ಹುಬ್ಬು ಗಂಟಿಕ್ಕಿದ.

ಮೂಡಲ ಕೆಂಪು ಆರಿತು. ಹೊಳೆ ಕೇರಿಯ ಬಾಂಗ್ ಕೇಳಿತು. ಅವರೂ ಸಾಲಾಗಿ ಕೂತು ಎರಡೂ ಕೈಯಲ್ಲಿ ರೊಟ್ಟಿ ಎತ್ತಿದರು. ತೋಟದ ಕೇರಿಯ ಮೇಲೆ ಕಲ್ಲು ಬಿತ್ತು. ರಾಯಭಾರಿ ಕುರ್ಚಿಯಿಂದ ಎದ್ದ.

ದಳಪತಿ ಗಾಬರಿಯಾಗಿ, ಸಾಕು ನಿಲ್ಲಿಸಿ ಎಂದು ಬುರುಜಿನ ಕಡೆ ಎರಡೂ ಕೈ ಬೀಸಿದ. ಸೈನಿಕರು ಇನ್ನೂ ಬೇಕಂತೆ ಎಂದುಕೊಂಡರು. ಮೂರನೇ ಕಲ್ಲು ಬಂದು ರಾಯಭಾರಿಯ ಎತ್ತರದ ಟೋಪಿಯನ್ನು ಹೊಳೆ ಕೇರಿಯೊಳಕ್ಕೆ ಕೆಡವಿತು.

ಆಗ ಕೆಳಗಿನಿಂದ ಹಫ್ಸಾ ರಾಯಭಾರಿಯನ್ನು ಕೇಳಿದಳು: "ದೊರೆ, ನಮ್ಮೂರಿನ ಕೈಗಳೆಲ್ಲ ನಿಮ್ಮ ಕಣ್ಣ ಮುಂದಿವೆ. ಕಲ್ಲು ಎಸೆದ ಕೈ ಯಾರದು?"

ಮರುದಿನವೇ ರಾಯಭಾರಿಯ ಅಪ್ಪಣೆಯಂತೆ ಸೈನ್ಯ ಗಂಟುಮೂಟೆ ಕಟ್ಟಿತು. ನಮಗಾದ ಅನ್ಯಾಯಕ್ಕೆ ಮರುಗಿ ಅಂತ ತಿಳಿಯಬೇಡಿ, ಟೋಪಿಗಾದ ಅನ್ಯಾಯಕ್ಕೆ. ದಳಪತಿ ಬೀಗದ ಕೈಯನ್ನು ಹಫ್ಸಾಳ ಕೈಯಲ್ಲೇ ಇಟ್ಟು, ಯಾರ ಮುಖವನ್ನೂ ನೋಡದೆ ಸೇತುವೆ ದಾಟಿದ. ಅವಳು ಬೀಗ ತೆಗೆದು ಓಡಿದಳು. ಆ ವಾರದಲ್ಲೇ ನಜ್ಮಾ ಹೆಣ್ಣುಮಗುವನ್ನು ಹೆತ್ತಳು, ಇಬ್ಬರು ಅಜ್ಜಿಯರೂ ಎಡಬಲಕ್ಕಿದ್ದರು. ಹೆಸರೇನಿಡುವುದು ಎಂದು ಅಲ್ಲೇ ಜಗಳ ತೆಗೆದರು. ಮಗುವಿಗೆ ಇವತ್ತಿಗೂ ಎರಡು ಹೆಸರು.

ನಾವು ಗೋಡೆ ಕೆಡವಿದೆವು. ಸೈನ್ಯವನ್ನು ಓಡಿಸಿದ್ದು ನಮ್ಮ ಕೇರಿಯ ಬುದ್ಧಿ ಎಂದು ಇವರು, ನಮ್ಮದು ಎಂದು ಅವರು, ಕೆಡವುತ್ತಲೇ ವಾದ ಮಾಡಿದೆವು. ಆಮೇಲೆ ಬೀದಿ ಗುಡಿಸಿ, ಆ ತಿಂಗಳು ಬಿದ್ದ ಕಲ್ಲುಗಳನ್ನೆಲ್ಲ ಒಲೆಯ ಮುಂದೆ ರಾಶಿ ಹಾಕಿದೆವು. ಆಗ ನಮ್ಮ ವಾದ ನಿಂತಿತು.

ಸೈನಿಕರು ಎಸೆದದ್ದು ಹೊಳೆದಂಡೆಯ ಬಿಳಿಯ ಕಲ್ಲು. ರಾಶಿಯಲ್ಲಿ ಅವು ಒಂದು ಬುಟ್ಟಿಯಷ್ಟೂ ಇರಲಿಲ್ಲ. ಉಳಿದದ್ದೆಲ್ಲ ಕೆಂಪು ಇಟ್ಟಿಗೆ ಚೂರು. ಊಟ ಮುಗಿಸಿ ಕೈ ತೊಳೆದುಕೊಂಡು, ಸೇಡು ತೀರಿಸಲು ನಾವೇ ನಮ್ಮ ಹಿತ್ತಿಲ ಗೋಡೆ ಕಿತ್ತು ಎಸೆದದ್ದು. ನಜ್ಮಾಳಿಗೆ ತಾಗಿದ್ದು ಬಿಳಿ ಕಲ್ಲು ಎಂದು ಮಾಸೂಮಾ ಹೇಳಿದಳು. ಬೇರೆಯವರಿಗೆ ತಾಗಿದ ಕಲ್ಲಿನ ಬಣ್ಣ ಯಾರೂ ಕೇಳಲಿಲ್ಲ. ನಮಗೆ ತುಂಬ ನಾಚಿಕೆಯಾಗಿತ್ತು.

ಆ ಕೆಂಪು ಚೂರುಗಳನ್ನೇ ಮಣ್ಣಿನಲ್ಲಿ ಕಲಸಿ ಒಲೆಯನ್ನು ಸರಿ ಮಾಡಿದೆವು. ಈಗಲೂ ರೊಟ್ಟಿಗೆ ಕೈಚಾಚಿದವರಿಗೆ ಅವು ಕಾಣುತ್ತವೆ.

ನೀತಿ ಇಷ್ಟೇ ಮಕ್ಕಳೇ. ಮನೆಯ ಮೇಲೆ ಕಲ್ಲು ಬಿದ್ದಾಗ ಪಕ್ಕದವರನ್ನು ಬೈಯುವ ಮೊದಲು ಅವರ ಕೈಯಲ್ಲಿ ಏನಿದೆ ನೋಡಿ. ಹೊರಗಿನವನು ಎಸೆಯುವುದು ಮೊದಲ ಕಲ್ಲು ಮಾತ್ರ, ಉಳಿದದ್ದನ್ನು ನಾವೇ ಎಸೆದುಕೊಳ್ಳುತ್ತೇವೆ. ಕತೆ ಮುಗಿಯಿತು, ಏಳಿ, ರೊಟ್ಟಿ ಆರಿಹೋಗುತ್ತದೆ. ಯಾರು ಮೊದಲು ಎಂದು ಮಾತ್ರ ನನ್ನನ್ನು ಕೇಳಬೇಡಿ.