ಹಲ್ಲಿ ನುಡಿದದ್ದೆಲ್ಲ ಸತ್ಯ

ಗೋಡೆ ಗಡಿಯಾರದ ಹಿಂದೆ ಗೂಡು ಕಟ್ಟುತ್ತಿದ್ದ ಗುಬ್ಬಿ ಜೋಡಿ ಒಂದು ಹಲ್ಲಿಯನ್ನು ಕಾವಲಿಗಿಟ್ಟುಕೊಂಡಿತು. ಗೂಡಿನಿಂದ ಕಡ್ಡಿ ಜಾರಿದಾಗಲೆಲ್ಲ ಅದು ತಾನಾಗಿಯೇ ಲೊಚಗುಟ್ಟಿ ದೂರು ಕೊಡಬೇಕು, ಅಷ್ಟೇ ಕರಾರು.

ಹಲ್ಲಿ ಒಮ್ಮೆಯೂ ತಪ್ಪಲಿಲ್ಲ. ಆದರೆ ಅದು ಲೊಚಗುಟ್ಟಿದೊಡನೆ ಗಂಡುಗುಬ್ಬಿ, ಆ ಮನೆಯವರು ಮಾಡುವ ಹಾಗೆಯೇ, ಕೊಕ್ಕಿನಿಂದ ಗೋಡೆ ಕುಟ್ಟಿ "ಕೃಷ್ಣ ಕೃಷ್ಣ, ಸತ್ಯ!" ಎಂದು ಹೊಸ ಕಡ್ಡಿ ತರಲು ಹಾರಿಬಿಡುತ್ತಿತ್ತು.

ಮೊಟ್ಟೆಗಳ ಮೇಲೆ ಕೂತಿದ್ದ ಹೆಣ್ಣುಗುಬ್ಬಿಗೆ ಮನಸ್ಸು ತಡೆಯಲಿಲ್ಲ. "ರೀ, ಎಲ್ಲಿಂದ ಜಾರುತ್ತಿದೆ ಅಂತ ಒಂದು ಸಲ ನೋಡಬಾರದೇ?"

"ಸತ್ಯ ಅಂತ ಒಪ್ಪಿಕೊಂಡಾಯಿತಲ್ಲೇ! ಇನ್ನೇನು ನೋಡುವುದು?"

ಒಂದು ಮಧ್ಯಾಹ್ನ ಹೆಣ್ಣುಗುಬ್ಬಿ ನೀರು ಕುಡಿದು ಬರುವಷ್ಟರಲ್ಲಿ ಗೂಡು ಕಳಚಿ ಬಿತ್ತು. ಹಲ್ಲಿ ಲೊಚಗುಟ್ಟಿತು. ಗಂಡುಗುಬ್ಬಿ ಗೋಡೆ ಕುಟ್ಟಿದ ಮೇಲೆಯೇ ತಿರುಗಿ ನೋಡಿದ್ದು.

ಹೆಣ್ಣುಗುಬ್ಬಿ ಕೇಳಿತು: "ಹಲ್ಲಿಯಣ್ಣ, ದಿನವೂ ಸಡಿಲವಾಗುತ್ತಿದ್ದದ್ದು ಒಂದೇ ಮೂಲೆಯಲ್ಲವೇ? ನಿನಗೆ ಕಾಣಲಿಲ್ಲವೇ?"

"ಕಂಡಿತ್ತಮ್ಮ. ದೂರು ಕೊಡು ಅಂದಿರಿ, ಕೊಟ್ಟೆ. ಮೂಲೆ ತೋರಿಸು ಅಂತ ಯಾರೂ ಅನ್ನಲಿಲ್ಲ."

"ನಾನೂ ಪ್ರತಿ ಸಲ ಸತ್ಯ ಅಂದೆ," ಎಂದು ಗಂಡುಗುಬ್ಬಿ ತಲೆ ತಗ್ಗಿಸಿತು.

ಕೆಳಗೆ, ಒಡೆದ ಮೊಟ್ಟೆಗಳ ಬಳಿಗೆ, ಯಾರೂ ಹೇಳಿಕಳಿಸದೆಯೇ ಇರುವೆಗಳು ಬರತೊಡಗಿದ್ದವು.