ಕೈಗೆ ಸಿಗದ ನೋವು

“ಅಕ್ಕಾ, ರೋಗಿ ನೋವು ಅನ್ನುತ್ತಾಳೆ. ನನ್ನ ಕೈಗೆ ಏನೂ ಸಿಗುವುದಿಲ್ಲ. ಆಗ ಅವಳಿಗೆ ಏನು ಹೇಳಬೇಕು?”

ಕೇಳಿದವನು ಮೃತ್ಯುಂಜಯ. ಔಷಧಿಯಿಲ್ಲದೆ, ಶಸ್ತ್ರವಿಲ್ಲದೆ, ಬರಿಗೈಯಿಂದಲೇ ಎಲುಬು ಕೀಲು ಸ್ನಾಯುಗಳನ್ನು ಸಡಿಲಿಸಿ ಉಪಚರಿಸುವ ಆಸ್ಟಿಯೋಪಥಿ ಅವನ ವೃತ್ತಿ. ಸೊಂಟ ಹಿಡಿದುಕೊಂಡು ಬಂದವರು ಅವನ ಬಾಗಿಲಿನಿಂದ ನೆಟ್ಟಗೆ ನಡೆದು ಹೋಗುತ್ತಿದ್ದರು. ಈಗ ಅವನಂಥ ಹನ್ನೊಂದು ಮಂದಿಗೆ ಮಠದ ಧರ್ಮಾಸ್ಪತ್ರೆಯಲ್ಲಿ ಐದು ದಿನಗಳ ತರಬೇತಿ ನಡೆದಿತ್ತು. ವಿಷಯ, ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗಷ್ಟೇ ಇರಬೇಕಾದ ಪದರದಂಥದು ಹೊರಗೂ ಬೆಳೆದು, ತಿಂಗಳು ತಿಂಗಳೂ ಉರಿದು, ಒಳಗಿನ ಅಂಗಗಳನ್ನು ಒಂದಕ್ಕೊಂದು ಅಂಟಿಸಿಬಿಡುವ ಕಾಯಿಲೆ. ಕಲಿಸುತ್ತಿದ್ದವರು ಗೌರಾಂಬಿಕೆ ಅಕ್ಕನವರು. ನಲವತ್ತು ವರ್ಷ ಹೆಂಗಸರ ನೋವಿನ ಮೇಲೆ ಕೈ ಇಟ್ಟ ಹಿರಿಯ ಜೀವ. ಶಿವನ ಹೆಸರು ಹೇಳದೆ ಅವರು ಯಾರನ್ನೂ ಮುಟ್ಟಿದವರಲ್ಲ.

“ಇಲ್ಲಿಯವರೆಗೆ ಏನು ಹೇಳುತ್ತಿದ್ದೆ?” ಎಂದರು ಅಕ್ಕನವರು.

“‘ಏನೂ ಇಲ್ಲ ತಾಯಿ, ಧೈರ್ಯವಾಗಿರಿ’ ಎನ್ನುತ್ತಿದ್ದೆ.”

“ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀಯ. ಬಾ, ಕೂತುಕೋ. ಹಾಗೆ ಬಾಗಿ ಕೂರಬೇಡ ಮಾರಾಯಾ, ಊರಿನ ಸೊಂಟವನ್ನೆಲ್ಲ ನೀನು ನೋಡುತ್ತೀ, ನಿನ್ನ ಸೊಂಟವನ್ನು ಯಾರು ನೋಡಬೇಕು?”

ಉಳಿದವರು ನಕ್ಕರು. ಮೃತ್ಯುಂಜಯನೂ ನಕ್ಕು ಬೆನ್ನು ನೆಟ್ಟಗೆ ಮಾಡಿ ಕುಳಿತ. ಅಕ್ಕನವರು ಕಣ್ಣು ಮುಚ್ಚಿ ಶಿವನನ್ನು ನೆನೆದು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಲುಬು ಕೂಡಿಸುವ ವೈದ್ಯನಿದ್ದ. ಅವನಿಗೆ ವಿದ್ಯೆ ಕೊಟ್ಟ ಗುರು ದೊಡ್ಡ ಪರೀಕ್ಷೆಯನ್ನೇ ಇಟ್ಟಿದ್ದ. ಹೊಸ ಮಣ್ಣಿನ ಗಡಿಗೆಯೊಂದನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಒನಕೆಯಿಂದ ಒಂದೇ ಏಟು ಹೊಡೆದ. ಚೀಲ ಬಿಚ್ಚದೆ, ಒಳಗೆ ಕೈ ಹಾಕದೆ, ಹೊರಗಿನಿಂದಲೇ ತಡವಿ ತಡವಿ ಚೂರಿಗೆ ಚೂರು ಕೂಡಿಸಬೇಕು. ಗಡಿಗೆ ಮತ್ತೆ ಗಡಿಗೆಯಾಗಿ ನಿಲ್ಲಬೇಕು. ಮೂರು ವರ್ಷ ಸೋತವನು ನಾಲ್ಕನೆಯ ವರ್ಷ ಗೆದ್ದ. ಗುರು ಚೀಲವನ್ನು ಕತ್ತರಿಸಿ ನೋಡಿದರೆ ಒಂದು ಚೂರೂ ಆಚೀಚೆ ಇರಲಿಲ್ಲ.

ಆ ಮೇಲೆ ಅವನ ಕೈ ತಪ್ಪಿದ್ದೇ ಇಲ್ಲ. ಮರದಿಂದ ಬಿದ್ದವರು, ಎತ್ತು ಹಾಯ್ದವರು, ಬಾವಿಕಟ್ಟೆಯ ಮೇಲೆ ಜಾರಿದವರು ಎಲ್ಲರೂ ಅವನ ಬಾಗಿಲಿಗೆ ಬಂದರು. ‘ವೈದ್ಯನ ಕೈ ಕಂಡದ್ದೇ ದಿಟ’ ಎಂದು ಊರು ಮಾತಾಡಿತು. ಅವನು ಭಕ್ತ. ರೋಗಿಯನ್ನು ಮುಟ್ಟುವ ಮೊದಲು ಕೈ ಮುಗಿದು, ‘ಶಿವನೇ, ಕೈ ನಿನ್ನದು, ಹೆಸರೂ ನಿನ್ನದು’ ಎನ್ನುತ್ತಿದ್ದ. ಮೊದಲನೆಯ ಮಾತು ದಿನವೂ ಮನಸ್ಸಿನಿಂದ ಬರುತ್ತಿತ್ತು. ಎರಡನೆಯದು ಯಾವಾಗಿನಿಂದಲೋ ಬರೀ ನಾಲಿಗೆಯಿಂದ ಬರತೊಡಗಿತ್ತು. ಅದು ಅವನಿಗೇ ಗೊತ್ತಾಗಿರಲಿಲ್ಲ.

ಒಂದು ದಿನ ನೇಕಾರರ ಓಣಿಯ ಮುದುಕಿಯೊಬ್ಬಳು ತನ್ನ ಸೊಸೆಯನ್ನು ಕರೆತಂದಳು.

“ವೈದ್ಯಪ್ಪ, ತಿಂಗಳಿಗೆ ಮೂರು ದಿನ ಈಕಿ ಬಿಲ್ಲಿನ ಹಂಗ ಬಗ್ಗತಾಳ. ಮಗ್ಗದ ಮ್ಯಾಲ ಕೂಡ್ರಾಕ ಆಗೂದಿಲ್ಲ. ನಮ್ಮ ಓಣ್ಯಾಗ ನಾಟಕ ಅಂತಾರ. ನನ್ನ ಸೊಸಿ ನಾಟಕ ಮಾಡಾಕಿ ಅಲ್ಲ. ನೀ ಒಂದು ಮಾತು ಹೇಳು. ನೀ ಹೇಳಿದ್ರ ಓಣಿ ಬಾಯಿ ಮುಚ್ಚತದ.”

ವೈದ್ಯ ಕೈ ಮುಗಿದ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೀರೆಯ ಮೇಲಿಂದಲೇ ಕೈ ಇಟ್ಟ. ಸೊಂಟ ನೋಡಿದ, ಬೆನ್ನು ನೋಡಿದ, ಹೊಟ್ಟೆ ನೋಡಿದ. ಎಲ್ಲೂ ಮುರಿದಿರಲಿಲ್ಲ. ಎಲ್ಲೂ ಜಾರಿರಲಿಲ್ಲ. ಚೀಲದೊಳಗಿನ ಗಡಿಗೆ ಇಡಿಯಾಗಿಯೇ ಇತ್ತು.

ಸೊಸೆ ಹೇಳಲು ಬಾಯಿ ತೆರೆದಳು. “ಅಣ್ಣಾ, ಅದು ಹೊಟ್ಟ್ಯಾಗ ಅಷ್ಟೇ ಅಲ್ಲ, ತೊಡಿಗೆ...”

“ಸುಮ್ಮನಿರು ತಾಯಿ, ಕೈ ಕೇಳುತ್ತಿದೆ” ಎಂದ ವೈದ್ಯ.

ಮುದುಕಿ ಸುಮ್ಮನಿರಲಿಲ್ಲ. “ಎಲುಬಿಗೆ ಬಾಯಿಲ್ಲ, ನಿನ್ನ ಕೈ ಅದರ ಮಾತು ಕೇಳತದ. ಈಕಿಗೆ ಬಾಯಿ ಐತಿ, ಈಕಿ ಮಾತು ಯಾರು ಕೇಳಬೇಕಪ್ಪ?”

ವೈದ್ಯ ಮುಗುಳ್ನಕ್ಕು ಕೈ ತೆಗೆದ. “ಏನೂ ಇಲ್ಲ ಯವ್ವಾ. ಚಿಂತೆ ಮಾಡಬೇಡಿ” ಎಂದ. ಒಳ್ಳೆಯ ಸುದ್ದಿ ಕೊಟ್ಟೆನೆಂದೇ ಅವನು ನಂಬಿದ್ದ. ಒಂದಿಷ್ಟು ವಿಭೂತಿ ಹಚ್ಚಿ ಹರಸಿ ಕಳಿಸಿದ.

ಮಾತು ಅವರಿಗಿಂತ ಮೊದಲೇ ಓಣಿ ಮುಟ್ಟಿತು. ವೈದ್ಯನ ಕೈಯೇ ಏನೂ ಇಲ್ಲ ಅಂದಿದೆಯಂತೆ.

ಅಲ್ಲಿಯವರೆಗೆ ಆ ಮೂರು ದಿನ ಗಂಡ ತಾನೇ ಅವಳ ಪಾಲಿನ ಕೆಲಸವನ್ನೂ ಮಾಡುತ್ತಿದ್ದ. ಕೆಟ್ಟವನಲ್ಲ. ಮುಂದಿನ ತಿಂಗಳು ಅವನು, “ವೈದ್ಯರೇ ಹೇಳ್ಯಾರಲ್ಲ, ಸ್ವಲ್ಪ ಎದ್ದು ನೋಡು” ಎಂದ. ಅದರ ಮುಂದಿನ ತಿಂಗಳು ಅತ್ತೆಯೂ, “ನನ್ನವ್ವ, ಮನಸ್ಸು ಗಟ್ಟಿ ಮಾಡಿಕೋ” ಎಂದಳು. ಮೂರನೆಯ ತಿಂಗಳು ಸೊಸೆ ತನ್ನನ್ನು ತಾನೇ ಕೇಳಿಕೊಂಡಳು. ಇದು ನಿಜವಾಗಿ ನೋಯುತ್ತಿದೆಯೋ, ನನಗೇ ಹಾಗೆ ಅನ್ನಿಸುತ್ತಿದೆಯೋ? ಅಂದಿನಿಂದ ಅವಳು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ವೈದ್ಯ ಪಟ್ಟಿ ಕಟ್ಟುವ ಬಟ್ಟೆ ತರಲೆಂದು ನೇಕಾರರ ಓಣಿಗೆ ಹೋದ. ಬೆಳಗಿನ ಹೊತ್ತು. ನೂಲಿಗೆ ಗಂಜಿ ಹಚ್ಚಿ, ಬಟ್ಟೆಯ ಉದ್ದದ ಎಳೆಗಳಾಗುವ ಹಾಸನ್ನು ಓಣಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿದ್ದರು. ನೂಲಿಗೆ ಗಂಜಿಯ ಬಲವಿಲ್ಲದಿದ್ದರೆ ಮಗ್ಗದ ಏಟು ತಡೆಯುವುದಿಲ್ಲ. ಆದರೆ ಗಂಜಿ ಒಣಗುವವರೆಗೆ ಎಳೆಗಳನ್ನು ಬಿಡಿಸುತ್ತಲೇ ಇರಬೇಕು. ಅಂದು ಮೋಡ ಮುಚ್ಚಿ ಬಿಸಿಲು ಮಂಕಾಯಿತು. ನಡುವೆ ಎಲ್ಲೋ ಎಳೆಗಳು ಒಂದನ್ನೊಂದು ಕಚ್ಚಿಕೊಂಡವು. ಆ ಸೊಸೆಯ ಗಂಡ ಅವಸರದಿಂದ ಎಳೆದ. ನಾಲ್ಕು ಎಳೆ ಪಟಪಟನೆ ಹರಿದವು.

“ಬಿಡ್ರಿ, ಬಿಡ್ರಿ. ಅಂಟಿದಲ್ಲೇ ಹಿಡಿದು ಎಳೀತಾರೇನು?” ಎಂದು ಅವಳು ಮುಂದೆ ಬಂದಳು.

ಅವಳು ಬೆರಳು ನೀರಿಗದ್ದಿದಳು. ಅಂಟಿದ ಜಾಗಕ್ಕೆ ಹೋಗಲೇ ಇಲ್ಲ. ಎರಡು ಮಾರು ದೂರ ನಿಂತು, ಸಡಿಲವಿದ್ದ ಎಳೆಗಳ ಕೆಳಗೆ ಅಂಗೈ ಚಾಚಿ ಮೆಲ್ಲಗೆ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. ಒಂದು ಹೆಜ್ಜೆ ಸರಿದಳು. ಹೀಗೆ ಹೆಜ್ಜೆ ಹೆಜ್ಜೆಗೆ ನಿಂತು ನಿಂತು ಬಂದು ಮುಟ್ಟುವ ಹೊತ್ತಿಗೆ, ಕಚ್ಚಿಕೊಂಡಿದ್ದ ಎಳೆಗಳು ತಾವಾಗಿಯೇ ಬಿಡತೊಡಗಿದವು.

ವೈದ್ಯ ನಿಂತಲ್ಲೇ ನಿಂತಿದ್ದ. “ತಂಗೀ, ಎಲ್ಲಿ ಅಂಟಿದೆ ಅಂತ ಹೇಗೆ ಗೊತ್ತಾಯಿತು? ನನ್ನ ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತದೆ.”

“ಕಣ್ಣಿಗೆ ಕಾಣೂದಿಲ್ಲಣ್ಣ. ಬೆರಳಿಗೂ ಒಮ್ಮೆಗೇ ಸಿಗೂದಿಲ್ಲ. ಹರಿದಿದ್ರ ಸಿಕ್ಕೀತು. ಇದು ಹರಿದಿಲ್ಲಲ್ಲ. ಈ ಕಡೆ ಎತ್ತಿದಾಗ ಸಡಿಲ ಇದ್ದದ್ದು ಜೊತಿಗೆ ಬರತದ. ಯಾವುದು ಬರೂದಿಲ್ಲೋ, ಅದು ಅಲ್ಲಿ ಸಿಕ್ಕಿಬಿದ್ದದ. ಅದಕ್ಕ ಬೈಯಬಾರದು, ಎಳೀಬಾರದು. ಅದರ ಸುತ್ತ ಜಾಗ ಮಾಡಿಕೊಡಬೇಕು.”

ಇಷ್ಟು ಹೇಳುವಾಗ ಅವಳ ಮಾತು ಎರಡು ಸಲ ತುಂಡಾಯಿತು. ತುಟಿ ಬಿಳಚಿಕೊಂಡಿತ್ತು. ಒಂದು ಕೈ ಹಾಸಿನ ಕೆಳಗಿತ್ತು, ಇನ್ನೊಂದು ಕೈ ಎಳೆಗಳಿಗೆ ಆಸರೆಯಾಗಿ ಕಟ್ಟಿದ್ದ ಬಿದಿರಿನ ಗಳುವನ್ನು ಬಿಗಿಯಾಗಿ ಹಿಡಿದಿತ್ತು. ವೈದ್ಯ ಆ ಹಿಡಿತವನ್ನು ನೋಡಿದ. ಎಲುಬು ಮುರಿದವರು ಹಾಗೆ ಹಿಡಿಯುವುದನ್ನು ಅವನು ನೂರು ಸಲ ಕಂಡಿದ್ದ.

“ತಂಗೀ, ನೋವು ಬಂದಿದೆಯೇನು?”

“ಏನೂ ಇಲ್ಲಣ್ಣ” ಎಂದಳು ಅವಳು. “ನೀವೇ ಹೇಳಿದ್ದಿರಲ್ಲ.”

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಅವಳು ನಂಬಿ ಹೇಳಿದ್ದಳು. ಅದಕ್ಕೇ ಅದು ವೈದ್ಯನ ಎದೆಗೆ ನಾಟಿತು.

ಅವನು ಬಟ್ಟೆ ಕೊಳ್ಳುವುದನ್ನು ಮರೆತ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಓಣಿಯ ಜನ ಕೆಲಸ ನಿಲ್ಲಿಸಿ ನೋಡಿದರು.

“ಕೇಳ್ರಪ್ಪ. ನನ್ನ ಕೈಗೆ ಮುರಿದದ್ದನ್ನು ಹುಡುಕಲಿಕ್ಕೆ ಮಾತ್ರ ಗೊತ್ತು. ಈ ತಂಗಿಯ ಒಳಗೆ ಏನೂ ಮುರಿದಿರಲಿಲ್ಲ. ಅಷ್ಟನ್ನೇ ಹೇಳಿ ಸುಮ್ಮನಾಗಬೇಕಿತ್ತು. ನೋವೇ ಇಲ್ಲ ಎಂಬಂತೆ ‘ಏನೂ ಇಲ್ಲ’ ಎಂದುಬಿಟ್ಟೆ. ಅದು ಸುಳ್ಳು. ಇವಳಿಗೆ ನೋವಿದೆ. ನನಗೆ ಗೊತ್ತಾಗಲಿಲ್ಲ, ಅಷ್ಟೇ.”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಮೂರು ತಿಂಗಳಾತಲ್ಲೋ ಪುಣ್ಯಾತ್ಮ, ಇಷ್ಟು ಹೇಳಾಕ” ಎಂದಳು. ಆಮೇಲೆ ಸೊಸೆಯ ಹೆಗಲು ಬಳಸಿದಳು. “ನಾನೂ ನಂಬದೇ ಹೋದೆ ನನ್ನವ್ವ. ಒಳಗ ಹೋಗಿ ಮಲಕೋ. ಹಾಸು ನಾವು ನೋಡಕೋತೀವಿ.” ಗಂಡ ಅವಳ ಕಾಲ ಬಳಿಯಿದ್ದ ನೀರಿನ ಬಟ್ಟಲನ್ನು ತಾನೇ ಎತ್ತಿಕೊಂಡ.

ಅವಳು ಅತ್ತೆಯ ಹೆಗಲ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೂರು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು.

ವೈದ್ಯ ಮಾರನೆಯ ದಿನ ಬೆಳಗಾಗುವ ಮೊದಲೇ ಬಂದು ಓಣಿಯಲ್ಲಿ ನಿಂತ. “ತಂಗೀ, ನನಗೂ ಎಳೆ ಬಿಡಿಸಲಿಕ್ಕೆ ಕಲಿಸು” ಎಂದ. ಊರಿಗೆಲ್ಲ ನಗೆ. ಮೊದಲ ವಾರ ಅವನು ಹರಿದ ಎಳೆಗೆ ಲೆಕ್ಕವಿರಲಿಲ್ಲ. “ಅಲ್ಲಿ ಎಲುಬು ಕೂಡಸ್ತೀರಿ, ಇಲ್ಲಿ ನಮ್ಮ ನೂಲಿನ ಎಲುಬು ಮುರೀತೀರಿ” ಎಂದು ಓಣಿಯ ಹೆಂಗಸರು ಕಾಡಿದರು. ಅವನು ತಲೆ ತಗ್ಗಿಸಿ ಗಂಟು ಹಾಕುತ್ತ ಕೂತ. ಗಡಿಗೆ ಕೂಡಿಸಿದ ಬೆರಳಿಗೆ ಬಲ ಗೊತ್ತಿತ್ತು, ಕಾಯುವುದು ಗೊತ್ತಿರಲಿಲ್ಲ. ದಿನಾ ಕೈ ಮುಗಿದು, ‘ಶಿವನೇ, ಈ ಕೈಗೆ ಇನ್ನೊಂದಿಷ್ಟು ಅಜ್ಞಾನ ಕೊಡು’ ಎಂದು ಬೇಡಿಕೊಂಡ. ದೇವರು ದಯಾಮಯ. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದೂ ಎಳೆ ಹರಿಯದೆ ಒಂದು ಹಾಸು ಬಿಡಿಸಿದ. ಮುದುಕಿ ಅವನ ಬಾಯಿಗೆ ಬೆಲ್ಲ ಹಾಕಿದಳು.

ಆಮೇಲೆ ಅವನು ಸೊಸೆಯ ಮುಂದೆ ಕುಳಿತ. ಈ ಸಲ ಕೈ ಚಾಚುವ ಮೊದಲು ಕೇಳಿದ, “ಎಲ್ಲಿಂದ ಶುರು ಮಾಡಲಿ ತಂಗೀ?”

ಅವಳು ಹೇಳುತ್ತ ಹೋದಳು. ಹೊಟ್ಟೆಯಲ್ಲಿ ಹುಟ್ಟಿ ತೊಡೆಗೆ ಇಳಿಯುವುದನ್ನು, ಬೆನ್ನಿಗೆ ಹಬ್ಬುವುದನ್ನು, ಬಯಲಿಗೆ ಹೋಗುವಾಗಿನ ಉರಿಯನ್ನು, ಗಂಡನಿಗೂ ಹೇಳದ ಸಂಕಟವನ್ನು ಹೇಳಿದಳು. ಮುದುಕಿ ಕಣ್ಣರಳಿಸಿ ಕೇಳಿದಳು. ಎಷ್ಟೋ ಅವಳಿಗೂ ಹೊಸದು. ಸೂರ್ಯ ನೆತ್ತಿಗೆ ಬಂದ ಮೇಲೆ ವೈದ್ಯ ಕೈ ಇಟ್ಟ. ನೋವಿನ ಮೇಲೆ ಇಡಲಿಲ್ಲ. ಪಕ್ಕೆಯ ಕೆಳಗೆ, ದೂರದಲ್ಲಿ, ಉಸಿರು ಬಂದು ಹೋಗುವಲ್ಲಿ ಇಟ್ಟ. ಕಾದ. ಉಸಿರಿನ ಜೊತೆ ಎಲ್ಲವೂ ಏರಿ ಇಳಿಯುತ್ತಿದ್ದವು. ಕೆಳಗೆ ಎಡಗಡೆ ಒಂದು ಕಡೆ ಮಾತ್ರ ಏನೋ ಬರಲಿಲ್ಲ.

ಅವನ ಕಣ್ಣು ತುಂಬಿತು. “ಇಲ್ಲಿ ಇದೆ ತಂಗೀ” ಎಂದ. ಅಲ್ಲಿ ಒತ್ತಲಿಲ್ಲ. ಸುತ್ತ ಜಾಗ ಮಾಡಿಕೊಟ್ಟ, ಅಷ್ಟೇ.

ಒಳಗಿನ ರೋಗವನ್ನು ತೆಗೆಯುವುದು ತನ್ನ ಕೈಯಲ್ಲಿಲ್ಲ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ಪಟ್ಟಣದ ದೊಡ್ಡಾಸ್ಪತ್ರೆಯ ವೈದ್ಯೆಯ ಬಳಿಗೆ ತಾನೇ ಗಾಡಿ ಕಟ್ಟಿಸಿ ಅವಳನ್ನು ಕರೆದುಕೊಂಡು ಹೋದ. ಆ ತಾಯಿ ಪರೀಕ್ಷೆ ಮಾಡಿ ರೋಗಕ್ಕೆ ಹೆಸರು ಹೇಳಿದಳು, ಮದ್ದು ಕೊಟ್ಟಳು. ಮುಂದೆ ಆಕೆಯ ಮದ್ದೂ ಇವನ ಕೈಯೂ ಕೂಡಿಯೇ ನಡೆದವು. ಕೆಲವು ತಿಂಗಳು ಸೊಸೆ ಆ ಮೂರು ದಿನವೂ ಮಗ್ಗದ ಮೇಲೆ ಕೂತಳು. ಕೆಲವು ತಿಂಗಳು ಮಲಗಿದಳು. ಮಲಗಿದಾಗ ಗಂಡ ಅವಳ ಪಾಲಿನ ಕೆಲಸ ಮಾಡಿದ, ಅತ್ತೆ ಬಿಸಿನೀರು ಕಾಯಿಸಿದಳು, ಓಣಿ ಮೆಲ್ಲಗೆ ಮಾತಾಡಿತು.

ಅಕ್ಕನವರು ಕತೆ ನಿಲ್ಲಿಸಿದರು. ಮೃತ್ಯುಂಜಯ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಿದ್ದ. ಅವನ ಕೈ ಒಳ್ಳೆಯ ಕೈ. ಅವನಿಗೆ ಅದು ಗೊತ್ತಿತ್ತು. ಇನ್ನೂ ಒಂದು ಮಾತು ಅವನಿಗೆ ಬೇಕಾಗಿತ್ತು.

“ಅಕ್ಕಾ, ಕೊನೆಗೆ ಆ ವೈದ್ಯನಿಂದ ಅವಳ ನೋವು ಎಷ್ಟು ಇಳಿಯಿತು?”

ಅಕ್ಕನವರು ಮಗನನ್ನು ನೋಡುವಂತೆ ಅವನನ್ನು ನೋಡಿದರು.

“ಅರ್ಧ ಇಳಿಯಿತಪ್ಪ, ಅದೂ ಅವನು ಓಣಿಯಲ್ಲಿ ತಪ್ಪೊಪ್ಪಿಕೊಂಡ ದಿನವೇ; ಆ ಅರ್ಧ ನೋವು ಅವನ ‘ಏನೂ ಇಲ್ಲ’ ಎಂಬ ಮಾತೇ ಕೊಟ್ಟದ್ದಾಗಿತ್ತು.”